ಬಿಡಿಯಾಗಿ ಮಾರಲಾಗದ ಸಂಗೀತ

2010ರ ಮಾರ್ಚ್ 11ರಂದು ಲಂಡನ್ನಿನ ಹೈಕೋರ್ಟ್ ಒಂದು ಕುತೂಹಲಕಾರಿ ತೀರ್ಪು ನೀಡಿತು. ಪಿಂಕ್ ಫ್ಲಾಯ್ಡ್ ಎಂಬ ಬ್ರಿಟಿಷ್ ರಾಕ್ ತಂಡ ತನ್ನದೇ ಧ್ವನಿಮುದ್ರಣ ಸಂಸ್ಥೆಯಾದ ಇಎಂಐ ವಿರುದ್ಧ ಹೂಡಿದ್ದ ವ್ಯಾಜ್ಯ ಅದು. ತಂಡದ ಆಲ್ಬಮ್‌ಗಳಲ್ಲಿರುವ ಹಾಡುಗಳನ್ನು ಅಂತರ್ಜಾಲದಲ್ಲಿ ಒಂದೊಂದಾಗಿ ಬಿಡಿಸಿ ಮಾರುವ ಅಧಿಕಾರ ಸಂಸ್ಥೆಗೆ ಇದೆಯೇ ಎಂಬುದು ಮುಖ್ಯ ಪ್ರಶ್ನೆಗಳಲ್ಲೊಂದಾಗಿತ್ತು. ಆಲ್ಬಮ್‌ಗಳ ಕಲಾತ್ಮಕ ಸಮಗ್ರತೆಯನ್ನು ಕಾಪಾಡಬೇಕೆಂಬ ಷರತ್ತು ಉಭಯತ್ರರ ಒಪ್ಪಂದದಲ್ಲಿತ್ತು. ಆ ಷರತ್ತು ಕೈಯಲ್ಲಿ ಹಿಡಿಯಬಹುದಾದ ತಟ್ಟೆಗಳಿಗೆ ಮಾತ್ರ ಅನ್ವಯಿಸುತ್ತದೆ, ಅಂತರ್ಜಾಲದ ಮಾರಾಟಕ್ಕಲ್ಲ ಎಂದು ಸಂಸ್ಥೆ ವಾದಿಸಿತು. ನ್ಯಾಯಾಧೀಶ ಸರ್ ಆಂಡ್ರ್ಯೂ ಮೋರಿಟ್ ಈ ವಾದವನ್ನು ಒಪ್ಪಲಿಲ್ಲ. ಮಾಧ್ಯಮ ಬದಲಾದ ಮಾತ್ರಕ್ಕೆ ಷರತ್ತು ಸಾಯುವುದಿಲ್ಲ ಎಂಬುದು ತೀರ್ಪಿನ ಸಾರ.

ಸರ್ಕಾರಿ ಕಡತಗಳ ನಡುವೆ ಜೀವಮಾನ ಕಳೆದ ನನ್ನಂಥವನಿಗೆ ಒಂದೇ ಪದದ ವ್ಯಾಖ್ಯಾನಕ್ಕಾಗಿ ನಡೆಯುವ ಇಂಥ ಜಗ್ಗಾಟ ಹೊಸದೇನಲ್ಲ. ಹೊಸದಾಗಿ ಕಂಡದ್ದು, ಒಂದು ಕೃತಿ ಇಡಿಯಾಗಿಯೇ ಉಳಿಯಬೇಕೆಂಬ ಬೇಡಿಕೆಗೆ ಕಾನೂನಿನ ಬೆಂಬಲ ದೊರೆತದ್ದು. ಆದರೆ ಆ ಗೆಲುವು ಒಂದು ವರ್ಷವೂ ಬಾಳಲಿಲ್ಲ. 2011ರ ಜನವರಿಯಲ್ಲಿ ತಂಡ ಮತ್ತು ಸಂಸ್ಥೆ ರಾಜಿ ಮಾಡಿಕೊಂಡವು. ಹಾಡುಗಳ ಬಿಡಿ ಮಾರಾಟ ಮುಂದುವರಿಯಿತು. ನ್ಯಾಯಾಲಯ ಎತ್ತಿಹಿಡಿದದ್ದನ್ನು ಮಾರುಕಟ್ಟೆ ಸದ್ದಿಲ್ಲದೆ ಮರಳಿ ಪಡೆಯಿತು. ಆ ಬಳಿಕವೂ ಸಮಗ್ರತೆಯನ್ನು ಯಾರಾದರೂ ಕಾಪಾಡಿದ್ದಾರೆಂದರೆ ಅವರು ಆ ಸಂಗೀತದ ಅಭಿಮಾನಿಗಳು. ಅವರ ಪ್ರೀತಿಯನ್ನು ಹಳಹಳಿಕೆಯೆಂದು ತಳ್ಳಿಹಾಕುವುದು ಸುಲಭ. ಅದರ ಹಿಂದೆ ಗಟ್ಟಿಯಾದ ವಿವೇಕವಿದೆ ಎಂಬುದು ನನ್ನ ಅಭಿಪ್ರಾಯ.

ಈ ಅಭಿಮಾನದ ಕೇಂದ್ರದಲ್ಲಿರುವುದು 1973ರ ಮಾರ್ಚ್‌ನಲ್ಲಿ ಬಿಡುಗಡೆಯಾದ ‘ದ ಡಾರ್ಕ್ ಸೈಡ್ ಆಫ್ ದ ಮೂನ್’. ಪ್ರೋಗ್ರೆಸಿವ್ ರಾಕ್ ಎಂದು ಕರೆಸಿಕೊಳ್ಳುವ ಪ್ರಕಾರದಲ್ಲಿ ದೀರ್ಘ, ಪರಸ್ಪರ ಹೆಣೆದುಕೊಂಡ ರಚನೆಗಳಿಗೇ ಪ್ರಾಶಸ್ತ್ಯ. ಅದರಲ್ಲಿ ಅನೇಕವು ಆಡಂಬರದಲ್ಲಿ ಕಳೆದುಹೋದವು ಎಂಬ ಟೀಕೆಯನ್ನು ಅಲ್ಲಗಳೆಯಲಾರೆ. ಈ ಆಲ್ಬಮ್ ಮಾತ್ರ ಮಿತವ್ಯಯದ ಮಾದರಿ. ಎರಡು ಮಗ್ಗುಲುಗಳಲ್ಲಿ ಐದೈದು ಭಾಗಗಳು, ಒಟ್ಟು ಸುಮಾರು 43 ನಿಮಿಷ. ರೋಜರ್ ವಾಟರ್ಸ್ ಬರೆದ ಸಾಹಿತ್ಯದ ವಸ್ತು ಕಾಲ, ಹಣ, ಸಾವು, ಕಲಹ, ಬುದ್ಧಿಭ್ರಮಣೆ. ಕೊನೆಯ ವಸ್ತುವಿಗೆ ತಂಡದೊಳಗೇ ಒಂದು ನೋವಿನ ಹಿನ್ನೆಲೆಯಿತ್ತು. ತಂಡದ ಆರಂಭದ ನಾಯಕ ಸಿಡ್ ಬ್ಯಾರೆಟ್ ಮಾನಸಿಕ ಆರೋಗ್ಯ ಕುಸಿದು 1968ರಲ್ಲಿ ಹೊರಬಿದ್ದಿದ್ದರು. ಉಳಿದವರಾದ ವಾಟರ್ಸ್, ಡೇವಿಡ್ ಗಿಲ್ಮೋರ್, ರಿಚರ್ಡ್ ರೈಟ್, ನಿಕ್ ಮೇಸನ್ ಆ ನೆರಳಿನಿಂದ ಪೂರ್ತಿ ಹೊರಬರಲೇ ಇಲ್ಲ.

ಈ ಆಲ್ಬಮ್ ಹುಟ್ಟಿದ್ದು ಸ್ಟುಡಿಯೋದಲ್ಲಲ್ಲ, ಸಭಿಕರ ಎದುರಿನಲ್ಲಿ. 1972ರ ಜನವರಿಯಿಂದಲೇ ತಂಡ ಇದನ್ನು ಒಂದೇ ಅಖಂಡ ರಚನೆಯಾಗಿ ವೇದಿಕೆಗಳಲ್ಲಿ ನುಡಿಸುತ್ತಿತ್ತು. ಬಿಡುಗಡೆಗೆ ಒಂದು ವರ್ಷ ಮೊದಲೇ ಕೇಳುಗರು ಅದನ್ನು ಬಲ್ಲರು. ಅದರ ಕಳ್ಳಮುದ್ರಿಕೆಗಳೂ ಹರಿದಾಡಿದ್ದವು. ಲಂಡನ್ನಿನ ಅಬೇ ರೋಡ್ ಸ್ಟುಡಿಯೋದಲ್ಲಿ ಅಲನ್ ಪಾರ್ಸನ್ಸ್ ಎಂಬ ಯುವ ತಂತ್ರಜ್ಞನ ನೆರವಿನಿಂದ ಅದಕ್ಕೆ ಅಂತಿಮ ರೂಪ ದೊರೆಯಿತು. ಹಳೆಯ ವಸ್ತುಗಳ ಅಂಗಡಿಯೊಂದರ ಗಡಿಯಾರಗಳನ್ನು ಪಾರ್ಸನ್ಸ್ ಬೇರೊಂದು ಉದ್ದೇಶಕ್ಕೆ ಮುದ್ರಿಸಿಕೊಂಡಿದ್ದರು. ‘ಟೈಮ್’ ಹಾಡಿನ ಆರಂಭದಲ್ಲಿ ಕೇಳುಗರನ್ನು ಬೆಚ್ಚಿಬೀಳಿಸುವ ಗಂಟೆಗಳ ಮೊರೆತ ಅದೇ. ‘ಮನಿ’ಯ ಆರಂಭಕ್ಕಾಗಿ ನಾಣ್ಯಗಳ ಸದ್ದು, ಕಾಗದ ಹರಿಯುವ ಸದ್ದು, ಅಂಗಡಿಯ ಗಲ್ಲಾಯಂತ್ರದ ಸದ್ದುಗಳನ್ನು ಟೇಪಿನಲ್ಲಿ ಮುದ್ರಿಸಿ, ಅಳತೆಗೋಲು ಹಿಡಿದು ಕತ್ತರಿಸಿ, ಸುತ್ತಾಗಿ ಅಂಟಿಸಲಾಯಿತು. ವಾಟರ್ಸ್ ಒಂದಿಷ್ಟು ಪ್ರಶ್ನೆಗಳನ್ನು ಚೀಟಿಗಳಲ್ಲಿ ಬರೆದು ಸ್ಟುಡಿಯೋದಲ್ಲಿದ್ದವರ ಮುಂದಿಟ್ಟು ಉತ್ತರಗಳನ್ನು ಮುದ್ರಿಸಿಕೊಂಡರು. ಜಗದ್ವಿಖ್ಯಾತ ಪಾಲ್ ಮೆಕಾರ್ಟ್ನಿಯ ಉತ್ತರ ಬಳಕೆಯಾಗಲಿಲ್ಲ. ಸ್ಟುಡಿಯೋದ ಐರಿಷ್ ಬಾಗಿಲುಕಾವಲುಗಾರನ ಮಾತು ಮಾತ್ರ ಆಲ್ಬಮ್ಮಿನ ಕೊನೆಯ ಮಾತಾಗಿ ಉಳಿಯಿತು.

ಇವೆಲ್ಲ ಬಿಡಿ ಬಿಡಿ ಚಮತ್ಕಾರಗಳಲ್ಲ. ಹೃದಯದ ಬಡಿತದಿಂದ ಆರಂಭವಾಗುವ ಆಲ್ಬಮ್ ಹೃದಯದ ಬಡಿತದಲ್ಲೇ ಮುಗಿಯುತ್ತದೆ. ಆರಂಭದ ‘ಬ್ರೀದ್’ ಹಾಡಿನ ಧಾಟಿ ‘ಟೈಮ್’ ಹಾಡಿನ ಅಂತ್ಯದಲ್ಲಿ ಮರಳಿ ಬರುತ್ತದೆ. ಮೊದಲಿನದನ್ನು ಕೇಳದವನಿಗೆ ಎರಡನೆಯದು ಬರೀ ಒಂದು ಸೊಗಸಾದ ತಿರುವು. ಕೇಳಿದವನಿಗೆ ಅದು ದಣಿದು ಮನೆಗೆ ಮರಳಿದ ಅನುಭವ. ಕೊನೆಯ ಎರಡು ಹಾಡುಗಳ ನಡುವೆ ಉಸಿರಾಡಲು ಬಿಡುವೇ ಇಲ್ಲ. ಹಾಡುಗಳ ನಡುವಿನ ಸಂಧಿಗಳಲ್ಲೇ ಕೃತಿಯ ಅರ್ಥದ ಅರ್ಧ ಭಾಗವಿದೆ. ಬಿಡಿಸಿ ಮಾರಿದಾಗ ನಷ್ಟವಾಗುವುದು ಈ ಸಂಧಿಗಳು. ಅವಕ್ಕೆ ಯಾವ ದರಪಟ್ಟಿಯಲ್ಲೂ ಬೆಲೆ ನಮೂದಾಗಿರುವುದಿಲ್ಲ.

ತಂಡದವರು ಈ ವಿಷಯದಲ್ಲಿ ಕಡು ನಿಷ್ಠಾವಂತರೇನೂ ಆಗಿರಲಿಲ್ಲ ಎಂಬುದನ್ನೂ ಹೇಳಬೇಕು. ಇದೇ ‘ಮನಿ’ 1973ರಲ್ಲೇ ಅಮೆರಿಕದಲ್ಲಿ ಬಿಡಿ ಮುದ್ರಿಕೆಯಾಗಿ ಹೊರಬಂದು ಅಲ್ಲಿನ ಪಟ್ಟಿಯಲ್ಲಿ 13ನೇ ಸ್ಥಾನಕ್ಕೇರಿತ್ತು. ಹಣವನ್ನು ಅಣಕಿಸುವ ಹಾಡೇ ಹಣ ತಂದಿತು. ಆದರೆ ಆ ಬಿಡಿ ಹಾಡು ಜನರನ್ನು ಇಡೀ ಆಲ್ಬಮ್ಮಿನ ಕಡೆಗೆ ಸೆಳೆಯುವ ಬಾಗಿಲಾಗಿತ್ತು. ಈಗಿನ ವ್ಯವಸ್ಥೆಯಲ್ಲಿ ಬಾಗಿಲೇ ಮನೆಯೆನಿಸಿಕೊಂಡಿದೆ.

ಅಂಕಿ ಅಂಶಗಳ ಕಡೆಗೆ ಬರೋಣ. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಈ ಆಲ್ಬಮ್ ಮೊದಲ ಸ್ಥಾನದಲ್ಲಿದ್ದದ್ದು ಕೇವಲ ಒಂದು ವಾರ. ಆದರೆ 1973ರಿಂದ 1988ರವರೆಗೆ ಅದು ಆ ಪಟ್ಟಿಯಲ್ಲಿ ಒಟ್ಟು 741 ವಾರ ಉಳಿಯಿತು. ನಂತರದ ವರ್ಷಗಳನ್ನೂ ಸೇರಿಸಿದರೆ ಲೆಕ್ಕ 900 ವಾರಗಳನ್ನು ದಾಟುತ್ತದೆ. ಮಾರಾಟ 4.5 ಕೋಟಿಗೂ ಮಿಗಿಲೆಂಬ ಅಂದಾಜಿದೆ. ಒಂದು ವಾರದ ಶಿಖರ ಮತ್ತು ದಶಕಗಳ ಪ್ರಸ್ಥಭೂಮಿ: ಇಂಥ ರೇಖಾಚಿತ್ರ ಜಾಹೀರಾತಿನಿಂದ ಮೂಡುವುದಿಲ್ಲ. ಅಣ್ಣನಿಂದ ತಮ್ಮನಿಗೆ, ಹಾಸ್ಟೆಲಿನ ಹಿರಿಯನಿಂದ ಕಿರಿಯನಿಗೆ ದಾಟಿದ ಶಿಫಾರಸಿನಿಂದ ಮಾತ್ರ ಮೂಡುತ್ತದೆ.

ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಮೊದಲು ಕಲಿಯುವ ಸೂತ್ರಗಳಲ್ಲೊಂದು ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮ. ಮೊದಲ ಲೋಟ ನೀರು ಕೊಡುವ ತೃಪ್ತಿಯನ್ನು ಐದನೆಯ ಲೋಟ ಕೊಡುವುದಿಲ್ಲ. ಹಾಗಾದರೆ ಅದೇ 43 ನಿಮಿಷಗಳನ್ನು ಐವತ್ತು ವರ್ಷ ಕೇಳುವವನ ಗತಿಯೇನು? ಆಲ್ಫ್ರೆಡ್ ಮಾರ್ಷಲ್ 1890ರ ತಮ್ಮ ಗ್ರಂಥದಲ್ಲೇ ಈ ಪ್ರಶ್ನೆಯನ್ನು ಎತ್ತಿಕೊಂಡಿದ್ದಾರೆ. ಒಳ್ಳೆಯ ಸಂಗೀತವನ್ನು ಕೇಳಿದಷ್ಟೂ ಅದರ ಅಭಿರುಚಿ ಬೆಳೆಯುತ್ತದೆ. ಆದರೂ ಇದು ನಿಯಮಕ್ಕೆ ಅಪವಾದವಲ್ಲ, ಏಕೆಂದರೆ ಕಾಲ ಸರಿದಂತೆ ಕೇಳುವ ಮನುಷ್ಯನೇ ಬದಲಾಗುತ್ತಾನೆ ಎಂಬುದು ಅವರ ಸಮಾಧಾನ. 1977ರಲ್ಲಿ ಜಾರ್ಜ್ ಸ್ಟಿಗ್ಲರ್ ಮತ್ತು ಗ್ಯಾರಿ ಬೆಕರ್ ಬೇರೆಯೇ ವಿವರಣೆ ಕೊಟ್ಟರು. ಅವರ ಪ್ರಕಾರ ಅಭಿರುಚಿ ಬದಲಾಗುವುದಿಲ್ಲ; ಕೇಳುತ್ತಾ ಹೋದಂತೆ ಕೇಳುಗನಲ್ಲಿ ಒಂದು ಬಗೆಯ ಬಂಡವಾಳ ಶೇಖರವಾಗುತ್ತದೆ, ಮುಂದಿನ ಪ್ರತಿ ಗಂಟೆಯ ಆಲಿಕೆಯೂ ಅದರಿಂದ ಹೆಚ್ಚು ಫಲ ಕೊಡುತ್ತದೆ.

ಎರಡರಲ್ಲೂ ಸತ್ಯವಿದೆ. ಆದರೆ ನನ್ನ ಒಲವು ಮಾರ್ಷಲ್ ಕಡೆಗೆ. ‘ಟೈಮ್’ ಹಾಡಿನ ವಸ್ತುವನ್ನೇ ನೋಡಿ. ಬದುಕು ಇನ್ನು ಆರಂಭವಾಗಬೇಕು ಎಂದುಕೊಂಡವನಿಗೆ ಅದು ಎಂದೋ ಆರಂಭವಾಗಿ ಹೋಗಿದೆ ಎಂದು ತಡವಾಗಿ ತಿಳಿಯುತ್ತದೆ. ವಾಟರ್ಸ್ ಅದನ್ನು ಬರೆದಾಗ ಅವರಿಗೆ ಮೂವತ್ತೂ ತುಂಬಿರಲಿಲ್ಲ. ಇಪ್ಪತ್ತರ ಕೇಳುಗನಿಗೆ ಅದು ಎಚ್ಚರಿಕೆ, ನಲವತ್ತರವನಿಗೆ ಆಪಾದನೆ. ನಿವೃತ್ತಿಯ ನಂತರ ಕೇಳುವವನಿಗೆ ಅದು ಲೆಕ್ಕಪರಿಶೋಧನೆಯ ವರದಿ. ಹಾಡು ಒಂದಕ್ಷರವೂ ಬದಲಾಗಿಲ್ಲ. ಲೋಟದ ನೀರು ಅದೇ, ಬಾಯಾರಿಕೆ ಬೇರೆ.

ಅಭಿಮಾನಿಗಳ ಪ್ರೀತಿಯಲ್ಲಿ ಅತಿರೇಕಗಳಿಲ್ಲವೆಂದಲ್ಲ. 1939ರ ‘ದ ವಿಜರ್ಡ್ ಆಫ್ ಆಜ್’ ಚಿತ್ರದೊಂದಿಗೆ ಈ ಆಲ್ಬಮ್ಮನ್ನು ಏಕಕಾಲಕ್ಕೆ ಹಚ್ಚಿದರೆ ದೃಶ್ಯವೂ ಸಂಗೀತವೂ ಬೆರಗಾಗುವಂತೆ ಹೊಂದಿಕೊಳ್ಳುತ್ತವೆ ಎಂಬ ನಂಬಿಕೆ 1990ರ ದಶಕದಲ್ಲಿ ಹಬ್ಬಿತು. ಪಾರ್ಸನ್ಸ್ ಆಗಲಿ ತಂಡದವರಾಗಲಿ ಅದನ್ನು ಒಪ್ಪಿಲ್ಲ. 43 ನಿಮಿಷಗಳ ಸಂಗೀತ ಒಂದೂವರೆ ಗಂಟೆ ಮೀರಿದ ಚಿತ್ರಕ್ಕೆ ಹೇಗೆ ಸಾಕಾಗುತ್ತದೆಂದು ಕೇಳಿದರೆ, ಮತ್ತೆ ಮೊದಲಿನಿಂದ ಹಚ್ಚಿ ಎಂಬ ಉತ್ತರ ಸಿದ್ಧವಿದೆ. ನಿರಪಾಯಕಾರಿ ಜಾನಪದ ಎನ್ನೋಣ. 2023ರಲ್ಲಿ ವಾಟರ್ಸ್ ತಾವೇ ಆಲ್ಬಮ್ಮನ್ನು ಮರುಮುದ್ರಿಸಿ, ಗಿಟಾರಿನ ಮೆರೆದಾಟವನ್ನು ತೆಗೆದು, ಮುದಿ ದನಿಯಲ್ಲಿ ಮಾತು ಸೇರಿಸಿದಾಗ ಅನೇಕ ಅಭಿಮಾನಿಗಳು ಮುನಿದರು. ಬರೆದವನ ಮೇಲೇ ಮುನಿಸು ಎಷ್ಟು ಸರಿ? ನನಗನ್ನಿಸುವಂತೆ ಎಂಬತ್ತರ ಹೊಸ್ತಿಲಲ್ಲಿರುವ ಕವಿಗೆ ತನ್ನ ಇಪ್ಪತ್ತೊಂಬತ್ತರ ಮಾತುಗಳನ್ನು ಮತ್ತೆ ನುಡಿಯುವ ಹಕ್ಕು ಖಂಡಿತ ಇದೆ. ಮೂಲಕ್ಕೆ ಅದರಿಂದ ಕುಂದೇನೂ ಆಗಿಲ್ಲ.

ಕೆಲವು ಸಂಗತಿಗಳಲ್ಲಿ ಉದ್ಯಮಕ್ಕಿಂತ ಅಭಿಮಾನಿಗಳ ನೆನಪು ನ್ಯಾಯವಾಗಿತ್ತು. ಮೊದಲ ಮಗ್ಗುಲಿನ ಕೊನೆಯಲ್ಲಿ ಪದಗಳಿಲ್ಲದೆ, ಬರೀ ದನಿಯಿಂದ ಸಾವಿನ ಭಯವನ್ನೂ ಶರಣಾಗತಿಯನ್ನೂ ತೋರಿಸುವ ಹಾಡಿದೆ. ಹಾಡಿದವರು ಕ್ಲೇರ್ ಟೋರಿ. 1973ರ ಜನವರಿಯ ಒಂದು ಭಾನುವಾರದ ಕೆಲಸಕ್ಕೆ ಅವರು ಪಡೆದದ್ದು 30 ಪೌಂಡ್. ಹೊದಿಕೆಯ ಮೇಲೆ ಗಾಯಕಿಯಾಗಿ ಹೆಸರಿತ್ತೇ ಹೊರತು ರಚನೆಯ ಶ್ರೇಯ ರೈಟ್ ಒಬ್ಬರಿಗೇ ಸಂದಿತ್ತು. ಕೇಳಿದವರಿಗೆಲ್ಲ ಆ ರಾಗವನ್ನು ಕಟ್ಟಿದವರು ಆಕೆಯೇ ಎಂಬುದು ಗೊತ್ತಿತ್ತು. ಆಕೆ 2004ರಲ್ಲಿ ದಾವೆ ಹೂಡಿದರು; 2005ರಲ್ಲಿ ನ್ಯಾಯಾಲಯದ ಹೊರಗೆ ಇತ್ಯರ್ಥವಾಗಿ ಸಹ ರಚನಕಾರರೆಂಬ ಮನ್ನಣೆ ದೊರೆಯಿತು. ದಿನಗೂಲಿಯ ಲೆಕ್ಕದಲ್ಲಿ ಕೊಂಡ ಶ್ರಮ ಮೂವತ್ತು ವರ್ಷ ಲಾಭ ತಂದುಕೊಟ್ಟರೆ ಆ ಲಾಭ ಯಾರದು ಎಂಬ ಪ್ರಶ್ನೆ ಸಂಗೀತಕ್ಕೆ ಮಾತ್ರ ಸೀಮಿತವಲ್ಲ.

ನಮ್ಮ ಊರಿಗೂ ಈ ಪ್ರೀತಿ ಹೊಸದಲ್ಲ. 2002ರಲ್ಲಿ ವಾಟರ್ಸ್ ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿದ್ದರು. 2007ರ ಫೆಬ್ರುವರಿಯಲ್ಲಿ ಮುಂಬೈಯಲ್ಲಿ ಇಡೀ ಆಲ್ಬಮ್ಮನ್ನು ಆದಿಯಿಂದ ಅಂತ್ಯದವರೆಗೆ ನುಡಿಸಿದರು. 2023ರಲ್ಲಿ ಐವತ್ತು ವರ್ಷ ತುಂಬಿದಾಗ ಹಲವು ದೇಶಗಳ ತಾರಾಲಯಗಳಲ್ಲಿ ಜನ ಕತ್ತಲಲ್ಲಿ ಕುಳಿತು ಅದನ್ನು ಪೂರ್ತಿ ಆಲಿಸಿದರು.

ಈಗ ಪರಿಸ್ಥಿತಿ ಹೇಗಿದೆ ನೋಡಿ. ಹಾಡುಗಳ ಖರೀದಿಯೂ ಹಿಂದೆ ಸರಿದು, ತಿಂಗಳ ಚಂದಾ ಕಟ್ಟಿ ಕೇಳುವ ಪದ್ಧತಿ ಬಂದಿದೆ. ಸ್ಪಾಟಿಫೈಯಂಥ ಸೇವೆಗಳಲ್ಲಿ 30 ಸೆಕೆಂಡು ಕೇಳಿದರೆ ಒಂದು ಆಲಿಕೆಯೆಂದು ಲೆಕ್ಕ. ಈ ನಿಯಮದಡಿ ಹಾಡು ಕಟ್ಟುವವನು ಕೇಳುಗನನ್ನು ಮೊದಲ ಅರ್ಧ ನಿಮಿಷದಲ್ಲೇ ಹಿಡಿದಿಡಬೇಕು. ನಿಶ್ಶಬ್ದದಿಂದ ಮೆಲ್ಲನೆ ಏಳುವ ಹೃದಯ ಬಡಿತದಿಂದ ಆರಂಭಿಸುವ ಧೈರ್ಯ ಯಾರಿಗಿದ್ದೀತು? 2021ರ ನವೆಂಬರ್‌ನಲ್ಲಿ ಗಾಯಕಿ ಅಡೆಲ್ ಕೋರಿಕೆಯ ಮೇರೆಗೆ ಸ್ಪಾಟಿಫೈ, ಆಲ್ಬಮ್‌ಗಳ ಮುಖಪುಟದಲ್ಲಿ ಹಾಡುಗಳನ್ನು ಕಲಸಿ ಕೇಳಿಸುವ ಗುಂಡಿಗಿದ್ದ ಆದ್ಯತೆಯನ್ನು ತೆಗೆಯಿತು. ರಚನಕಾರ ಇಟ್ಟ ಅನುಕ್ರಮದಲ್ಲೇ ಕೇಳುವುದಕ್ಕೆ ಒಬ್ಬ ಪ್ರಭಾವಿ ಗಾಯಕಿಯ ಶಿಫಾರಸು ಬೇಕಾಯಿತು. ಗ್ರಾಹಕನೇ ಸಾರ್ವಭೌಮ, ತನಗೆ ಬೇಕಾದ ಹಾಡನ್ನು ಮಾತ್ರ ಆರಿಸಿಕೊಳ್ಳಲಿ ಎಂಬ ವಾದ ನಾನು ಓದಿದ ಶಾಸ್ತ್ರದ್ದೇ. ಆದರೆ ಆಯ್ಕೆಗೆ ಎಲ್ಲ ದಾರಿಗಳೂ ತೆರೆದಿರಬೇಕು. ಇಡಿಯಾಗಿ ಕೇಳುವ ದಾರಿಯನ್ನು ಹುಡುಕಿ ತೆಗೆಯಬೇಕಾದ ಸ್ಥಿತಿಯನ್ನು ಸ್ವಾತಂತ್ರ್ಯವೆನ್ನಲಾಗದು.

2024ರಲ್ಲಿ ಪಿಂಕ್ ಫ್ಲಾಯ್ಡ್ ತನ್ನ ಧ್ವನಿಮುದ್ರಣಗಳ ಹಕ್ಕನ್ನು ಸೋನಿ ಮ್ಯೂಸಿಕ್‌ಗೆ ಮಾರಿತು. ವರದಿಯಾದ ಮೊತ್ತ ಸುಮಾರು 40 ಕೋಟಿ ಡಾಲರ್. ಮುಂದಿನ ದಶಕಗಳಲ್ಲಿ ಜನ ಕೇಳುತ್ತಲೇ ಇರುತ್ತಾರೆ ಎಂಬ ನಿರೀಕ್ಷೆಯ ಇಂದಿನ ಬೆಲೆ ಅದು. ಆ ನಿರೀಕ್ಷೆಯನ್ನು ಹುಟ್ಟಿಸಿದವರು, ಅದೇ 43 ನಿಮಿಷಗಳನ್ನು ಎಲ್‌ಪಿ, ಕ್ಯಾಸೆಟ್, ಸಿಡಿ, ವಾರ್ಷಿಕೋತ್ಸವದ ದುಬಾರಿ ಪೆಟ್ಟಿಗೆ ಎಂದು ಮತ್ತೆ ಮತ್ತೆ ಕೊಂಡವರು, ಹೊಸ ತಲೆಮಾರಿಗೆ ಬಿಟ್ಟಿಯಾಗಿ ದಾಟಿಸಿದವರು ಅಭಿಮಾನಿಗಳು. ವ್ಯವಹಾರದಲ್ಲಿ ಅವರು ಪಾಲುದಾರರಲ್ಲ. ಅವರು ಪಾಲು ಕೇಳುತ್ತಲೂ ಇಲ್ಲ. 2010ರಲ್ಲಿ ನ್ಯಾಯಾಲಯ ಎತ್ತಿಹಿಡಿದ ಆ ಷರತ್ತನ್ನು ಹೊಸ ಒಡೆಯರು ತಾವಾಗಿಯೇ ಪಾಲಿಸಬಹುದು. ಬಿಡಿ ಹಾಡು ಬೇಕೆನ್ನುವವರಿಗೆ ಬಿಡಿ ಹಾಡು ಸಿಗಲಿ. ಆಲ್ಬಮ್ಮಿನ ಹೆಸರನ್ನು ಒತ್ತಿದವನಿಗೆ ಮಾತ್ರ ಮೊದಲ ಬಡಿತದಿಂದ ಕೊನೆಯ ಬಡಿತದವರೆಗೆ, ನಡುವೆ ಜಾಹೀರಾತಾಗಲಿ ತಡೆಯಾಗಲಿ ಇಲ್ಲದೆ, ಬರೆದ ಕ್ರಮದಲ್ಲೇ ಕೇಳಿಸಲಿ. ಇದಕ್ಕಾಗಿ ಸಂಸ್ಥೆ ತೆರಬೇಕಾದ ವೆಚ್ಚ ಅತ್ಯಲ್ಪ.