ಮೇಲೆ ಥಳಕು, ಒಳಗೆ ಹುಳುಕು

ಅಮೆರಿಕದ ಸಣ್ಣ ಊರುಗಳಲ್ಲಿ ಮನೆಯ ಹಿತ್ತಲಲ್ಲಿ ಟಾರ್ಪಾಲಿನ್ ಹೊದ್ದು, ತರಗೆಲೆ ತುಂಬಿಕೊಂಡು ನಿಂತ ಹಳೆಯ ದೋಣಿ ಅಪರೂಪದ ನೋಟವೇನಲ್ಲ. ಅಂಥವುಗಳಲ್ಲಿ 'ಬಾಸ್ ದೋಣಿ'ಯೂ ಒಂದು. ಬಾಸ್ ಎಂಬುದು ಅಲ್ಲಿನ ಕೆರೆ, ಜಲಾಶಯಗಳ ಸಿಹಿನೀರಿನ ಮೀನು. ಗಾಳ ಹಾಕಿ ಅದನ್ನು ಹಿಡಿಯುವುದು ಲಕ್ಷಾಂತರ ಜನರ ಹವ್ಯಾಸ. ಇದಕ್ಕೆಂದೇ ದೋಣಿ ರೂಪಿಸಿದವರಲ್ಲಿ ಮೊದಲಿಗನೆಂದು ಹೆಸರಾದವನು ಲೂಸಿಯಾನಾ ರಾಜ್ಯದ ಹೋಮ್ಸ್ ಥರ್ಮಂಡ್, ಇಸವಿ 1948. ಮುಂದೆ 1968ರಲ್ಲಿ ಫಾರೆಸ್ಟ್ ವುಡ್ ಆರ್ಕನ್ಸಾ ರಾಜ್ಯದ ಫ್ಲಿಪಿನ್ ಎಂಬ ಪುಟ್ಟ ಊರಿನಲ್ಲಿ 'ರೇಂಜರ್' ದೋಣಿಗಳ ತಯಾರಿಕೆ ಆರಂಭಿಸಿದ. ತಗ್ಗಾದ ಅಂಚು, ನಿಂತು ಗಾಳ ಎಸೆಯಲು ಅಟ್ಟಣಿಗೆ, ಹಿಂಬದಿಗೆ ಭಾರಿ ಮೋಟಾರು - ಇವು ಬಾಸ್ ದೋಣಿಯ ಲಕ್ಷಣಗಳು.

ಇಂಥ ಹಳೆಯ ದೋಣಿಯೊಂದನ್ನು ಅಗ್ಗಕ್ಕೆ ಕೊಂಡು, ರಜೆಯಲ್ಲಿ ಅಪ್ಪ ಮಕ್ಕಳು ಸೇರಿ ದುರಸ್ತಿ ಮಾಡುವುದುಂಟು. ಮಕ್ಕಳಿಗೆ ಮೊದಲು ಹೊಳೆಯುವುದು ಬಣ್ಣ. ಕೆಂಪೋ, ನೀಲಿಯೋ? ಆದರೆ ಕೆಲಸ ಬಲ್ಲವರು ಮೊದಲು ಕೈಗೆತ್ತಿಕೊಳ್ಳುವುದು ಬಣ್ಣದ ಡಬ್ಬಿಯನ್ನಲ್ಲ, ಒಂದು ಸಣ್ಣ ಸುತ್ತಿಗೆಯನ್ನು!

ಕಾರಣ ಸರಳ. ದೋಣಿಯ ಮೈ ಫೈಬರ್ ಗ್ಲಾಸ್. ಅದು ಕೊಳೆಯುವುದಿಲ್ಲ. ಆದರೆ ಹಳೆಯ ದೋಣಿಗಳಲ್ಲಿ ಮೋಟಾರನ್ನು ಹೊರುವ ಹಿಂಗೋಡೆಯ ಒಳಗೆ ಸಾಮಾನ್ಯವಾಗಿ ಪ್ಲೈವುಡ್ ಇರುತ್ತದೆ. ಯಾರೋ ಎಂದೋ ಕೊರೆದು, ಸರಿಯಾಗಿ ಮುಚ್ಚದೆ ಬಿಟ್ಟ ಒಂದು ಸ್ಕ್ರೂ ತೂತು ಸಾಕು. ನೀರು ಒಳಗಿಳಿಯುತ್ತದೆ, ಹೊರಬರಲು ದಾರಿಯಿಲ್ಲ. ಮರ ಸದಾ ತೇವವಾಗಿದ್ದರೆ ಶಿಲೀಂಧ್ರ ಬೆಳೆದು ಅದನ್ನು ತಿನ್ನುತ್ತದೆ. ಹೊರಗೆ ಮಾತ್ರ ಗೋಡೆ ಗಟ್ಟಿಯಾಗಿಯೇ ಕಾಣುತ್ತದೆ. ಸುಮಾರು 200 ಕಿಲೋ ತೂಕದ ಮೋಟಾರು ಪೂರ್ಣ ವೇಗದಲ್ಲಿ ತಳ್ಳುವುದು ಈ ಗೋಡೆಯನ್ನೇ. ನಡುನೀರಿನಲ್ಲಿ ಅದು ಬಿರಿದರೆ ಅಪಾಯ ಒಳಗೆ ಕುಳಿತವರಿಗೆ.

ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಾಗ ಒಳ್ಳೆಯ ಮರ 'ಟಕ್' ಎನ್ನುತ್ತದೆ, ಕೊಳೆತದ್ದು 'ದಬ್' ಎನ್ನುತ್ತದೆ. ಸಂಶಯವಿದ್ದರೆ ಒಳಬದಿಯಿಂದ ಚಿಕ್ಕ ತೂತು ಕೊರೆದು ಪುಡಿ ನೋಡಬೇಕು. ಒಣಗಿದ ತಿಳಿಬಣ್ಣದ ಪುಡಿ ಬಂದರೆ ಕ್ಷೇಮ. ಕಪ್ಪಗೆ, ಒದ್ದೆಯಾಗಿ ಬಂದರೆ ಮರ ಹೋಗಿದೆ ಎಂದೇ ಅರ್ಥ. ನೆಲದಡಿಯ ಫೋಮನ್ನೂ ನೋಡಬೇಕು. ದೋಣಿಗೆ ನೀರು ನುಗ್ಗಿದರೂ ತೇಲಿಸಲೆಂದು ಅದನ್ನು ತುಂಬಿರುತ್ತಾರೆ. ಅದೇ 100 ಲೀಟರ್ ನೀರು ಕುಡಿದಿದ್ದರೆ ದೋಣಿ 100 ಕಿಲೋ ಹೆಚ್ಚು ಭಾರ. ತೇಲಿಸುವ ಶಕ್ತಿಯೂ ಅಷ್ಟಕ್ಕಷ್ಟೆ.

ದುರಸ್ತಿ ಎಂದರೆ ಕೊಳೆತದ್ದನ್ನು ಪೂರ್ತಿ ಕೆತ್ತಿ ತೆಗೆದು, ಹೊಸ ಪ್ಲೈವುಡ್ ಕೂರಿಸಿ, ರೆಸಿನ್‌ನಲ್ಲಿ ನೆನೆಸಿದ ಗಾಜಿನೆಳೆಯ ಬಟ್ಟೆಯನ್ನು ಪದರ ಪದರವಾಗಿ ಹಚ್ಚುವುದು. ಇಲ್ಲಿ ರಸಾಯನಶಾಸ್ತ್ರದ ಪಾಠವಿದೆ. ಪಾಲಿಯೆಸ್ಟರ್ ರೆಸಿನ್‌ಗೆ ಬೇಕಾದ ಹಾರ್ಡನರ್ ನೂರಕ್ಕೆ ಒಂದೆರಡು ಪಾಲು ಮಾತ್ರ. ಕಡಿಮೆಯಾದರೆ ಅಂಟಂಟಾಗಿಯೇ ಉಳಿಯುತ್ತದೆ. ಹೆಚ್ಚಾದರೆ ಕಾದು ಬಿರುಕು ಬಿಡುತ್ತದೆ, ಕಪ್ಪಿನಲ್ಲೇ ಹೊಗೆಯಾಡುವುದೂ ಉಂಟು. ಹಾರ್ಡನರ್‌ನ ಒಂದು ಹನಿ ಕಣ್ಣಿಗೆ ಬಿದ್ದರೆ ದೃಷ್ಟಿಗೇ ಸಂಚಕಾರ. ಗಾಜಿನ ಧೂಳು ಶ್ವಾಸಕೋಶಕ್ಕೆ ಹಾನಿ; ರೆಸಿನ್ ಆವಿಗೆ ಬಟ್ಟೆಯ ಮುಸುಕು ಅಡ್ಡಿಯಲ್ಲ. ಹಾಗಾಗಿ ಉಜ್ಜುವುದು, ಬೆರೆಸುವುದು ದೊಡ್ಡವರ ಪಾಲು, ಅದೂ ಬಯಲಿನಲ್ಲಿ, ತಕ್ಕ ಮುಖವಾಡ ಮತ್ತು ಕನ್ನಡಕ ಧರಿಸಿ. ಅಳೆಯುವುದು, ನಕ್ಷೆ ಬರೆಯುವುದು, ಲೆಕ್ಕ ಇಡುವುದು ಮಕ್ಕಳ ಪಾಲು.

ಲೆಕ್ಕ ಹಾಕಿದಾಗ ಕೆಲವೊಮ್ಮೆ ಖರ್ಚು ದೋಣಿಯ ಬೆಲೆಯನ್ನೇ ಮೀರುತ್ತದೆ. ಆಗ 'ಇದು ಬೇಡ' ಎನ್ನುವುದೂ ಜಾಣತನವೇ. ಬೇಸಿಗೆಯ ಕನಸು ಕೈಬಿಟ್ಟ ಮಗುವಿಗೆ ಬೇಸರವಾದೀತು. ಆದರೆ ಹುಳುಕನ್ನು ಬಣ್ಣದಿಂದ ಮುಚ್ಚಬಾರದೆಂಬುದನ್ನು ಅದು ಕಣ್ಣಾರೆ ಕಂಡಿರುತ್ತದೆ.

ಕೆಲಸ ಮುಂದುವರಿಸಿದವರು ಕೊನೆಗೊಂದು ಎಚ್ಚರ ವಹಿಸುತ್ತಾರೆ. ಸ್ಕ್ರೂ ಹಾಕುವಲ್ಲಿ ತೂತನ್ನು ಬೇಕೆಂದೇ ದೊಡ್ಡದಾಗಿ ಕೊರೆದು, ಎಪಾಕ್ಸಿ ತುಂಬಿ, ಅದು ಗಟ್ಟಿಯಾದ ಮೇಲೆ ಅದರ ನಡುವೆ ಮತ್ತೆ ಕೊರೆಯುತ್ತಾರೆ. ಇನ್ನು ನೀರು ಬಂದರೂ ಮರಕ್ಕೆ ತಾಗದು. ದೋಣಿಗೆ ಇಳಿದ ನಂತರ ಈ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ಎಲ್ಲರೂ ಹೊಗಳುವುದು ಬಣ್ಣವನ್ನೇ. ದೋಣಿಯನ್ನು ದಡ ಸೇರಿಸುವುದು ಮಾತ್ರ ಆ ಕಾಣದ ಕೆಲಸ.