ಮತದ ಕೆಳಗೆ ಹೆಸರಿರಲಿ
ಅಮೆರಿಕನ್ ಫುಟ್‌ಬಾಲ್ ಅಭಿಮಾನಿಗಳ ಹಳೇ ಜಗಳ ಈ ವಾರ ಮತ್ತೆ ಕಾವೇರಿದೆ: ಓಹಾಯೋದ ಕ್ಯಾಂಟನ್‌ನಲ್ಲಿರುವ ಆಟದ ಮಹಾನ್ ಸಾಧಕರ ಗೌರವಭವನ ಹಾಲ್ ಆಫ್ ಫೇಮ್‌ಗೆ ಯಾರು ಅರ್ಹರೆಂದು ಮತ ಹಾಕಿ ತೀರ್ಮಾನಿಸಲು ಈ ಪತ್ರಕರ್ತರು ಯಾರು? ನನ್ನ ತಕರಾರು ಪತ್ರಕರ್ತರ ಮೇಲಲ್ಲ, ಅವರ ಗುಟ್ಟಿನ ಮತದ ಮೇಲೆ. ವರ್ಷಗಟ್ಟಲೆ ಪ್ರೆಸ್ ಬಾಕ್ಸ್‌ನಲ್ಲಿ ಕೂತು ಆಟ ಕಂಡವರಿಗಿಂತ ಒಳ್ಳೆಯ ತೀರ್ಪುಗಾರರು ಸಿಗುವುದು ಕಷ್ಟವೇ. ಆದರೆ ಆಯ್ಕೆಗೆ ಶೇ 80ರಷ್ಟು ಮತ ಬೇಕು. ಐವತ್ತು ಮಂದಿಯ ಸಮಿತಿಯಲ್ಲಿ ಹನ್ನೊಂದು ಜನ ಬೇಡವೆಂದರೆ ಮುಗಿಯಿತು. ಉದಾಹರಣೆಗೆ, ರಿಸೀವರ್ ಟೆರೆಲ್ ಓವೆನ್ಸ್ ಪಾಸ್ ಹಿಡಿದು ಗಳಿಸಿದ್ದು 15,934 ಗಜ; ಆಟ ಬಿಟ್ಟಾಗ ಅವರಿಗಿಂತ ಮುಂದಿದ್ದವರು ಜೆರ್ರಿ ರೈಸ್ ಒಬ್ಬರೇ. ಮೈದಾನದ ಸಾಧನೆಯನ್ನಷ್ಟೇ ಅಳೆಯಬೇಕೆಂಬ ನಿಯಮವಿದ್ದರೂ, ತಂಡದೊಳಗೆ ಒಡಕು ತಂದರೆಂಬ ಮಾತು ಎದ್ದು ಓವೆನ್ಸ್ ಎರಡು ವರ್ಷ ಕಾಯಬೇಕಾಯಿತು. 2018ರಲ್ಲಿ ಕರೆ ಬಂದಾಗ ಅವರು ಕ್ಯಾಂಟನ್‌ಗೆ ಹೋಗಲೇ ಇಲ್ಲ. ತಾವು ಓದಿದ ಚಟ್ಟನೂಗದ ವಿಶ್ವವಿದ್ಯಾಲಯದಲ್ಲಿ, ತಮ್ಮವರ ನಡುವೆ, ಹಾಲ್‌ಗೆ ಆಯ್ಕೆಯಾದವರಿಗೆ ಸಿಗುವ ಹೊನ್ನಿನ ಬಣ್ಣದ ಕೋಟು ತೊಟ್ಟರು. ಕ್ವಾರ್ಟರ್‌ಬ್ಯಾಕ್ ಕೆನ್ ಸ್ಟೇಬ್ಲರ್‌ಗೆ ಅಂಥ ಸಿಟ್ಟು ತೋರಿಸುವ ಅವಕಾಶವೂ ಸಿಗಲಿಲ್ಲ: 2015ರಲ್ಲಿ ತೀರಿಕೊಂಡರು, 2016ರಲ್ಲಿ ಆಯ್ಕೆಯಾದರು. ದಶಕಗಳ ಕಾಲ ಅವರನ್ನು ಬೇಡವೆಂದವರು ಯಾರು, ಏಕೆ? ಅತ್ತ ಬೇಸ್‌ಬಾಲ್‌ನ ಹಾಲ್ ಆಫ್ ಫೇಮ್‌ಗೆ ಮತ ಹಾಕುವ ಬರಹಗಾರರಲ್ಲಿ ಬಹಳ ಮಂದಿ ತಮ್ಮ ಮತಪತ್ರವನ್ನು ತಾವೇ ಪ್ರಕಟಿಸಿ, ಓದುಗರ ಬೈಗುಳಕ್ಕೂ ಎದೆಯೊಡ್ಡುತ್ತಾರೆ. ಆಟಗಾರರು ಕೈಬಿಟ್ಟ ಒಂದೊಂದು ಚೆಂಡನ್ನೂ ಹೆಸರು ಹಿಡಿದು ಬರೆದ ಫುಟ್‌ಬಾಲ್ ವರದಿಗಾರರು, ತಮ್ಮ ಮತವನ್ನೂ ಕಾರಣ ಸಮೇತ ಮುಂದಿನ ಪಟ್ಟಿಯಿಂದಲೇ ಅಚ್ಚು ಹಾಕಲಿ.