ಏಜೆನ್ಸಿ ಬದಲಾದರೆ ನಾವೇಕೆ ದುಡ್ಡು ಕಟ್ಟಬೇಕು?

ಮಾನ್ಯ ಕಾರ್ಮಿಕ ಸಚಿವರೇ,

ನಾನು ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಹೊರಗುತ್ತಿಗೆ ಡಾಟಾ ಎಂಟ್ರಿ ಆಪರೇಟರ್. ಟೆಂಡರ್ ಮುಗಿದು ಹೊಸ ಏಜೆನ್ಸಿ ಬಂದಾಗಲೆಲ್ಲ ನಮ್ಮಲ್ಲಿ ನಡೆಯುವ ವಸೂಲಿಯನ್ನು ತಮ್ಮ ಗಮನಕ್ಕೆ ತರಲು ಈ ಪತ್ರ ಬರೆಯುತ್ತಿದ್ದೇನೆ.

ಹೊಸ ಏಜೆನ್ಸಿಯ ಸೂಪರ್‌ವೈಸರ್ ಮೊದಲು ಬರುವುದು ಆಸ್ಪತ್ರೆಯ ಕಚೇರಿಗಲ್ಲ, ಹಿಂದಿನ ಕ್ಯಾಂಟೀನಿಗೆ. ಗ್ರೂಪ್ ಡಿ, ಸೆಕ್ಯುರಿಟಿ, ಆಯಾ ಎಂದು ವಿಂಗಡಿಸಿದ ಹೆಸರಿನ ಪಟ್ಟಿ ಅವರ ಕೈಯಲ್ಲಿರುತ್ತದೆ. ಒಬ್ಬೊಬ್ಬರನ್ನೇ ಕರೆದು, 'ಮುಂದುವರಿಯಬೇಕಾದರೆ ಒಂದು ತಿಂಗಳ ಸಂಬಳ' ಅನ್ನುತ್ತಾರೆ. ನಗದೇ ಆಗಬೇಕು, ಫೋನ್‌ಪೇ ನಡೆಯದು, ರಸೀದಿ ಕೇಳುವಂತಿಲ್ಲ. ಕಳೆದ ಸಲ ಹೆರಿಗೆ ವಾರ್ಡಿನ ಆಯಾ ಒಬ್ಬರು ಸ್ತ್ರೀಶಕ್ತಿ ಸಂಘದಲ್ಲಿ ಸಾಲ ಎತ್ತಿ ಕಟ್ಟಿದರು. ಬದಲಿಗೆ ಅವರ ಕೈಗೆ ಬಂದದ್ದು ಬೇರೆ ಏಜೆನ್ಸಿಯ ಹೆಸರಿರುವ ಐಡಿ ಕಾರ್ಡ್. ವಾರ್ಡ್ ಅದೇ, ಪಾಳಿ ಅದೇ, ಕೆಲಸ ಹೇಳುವ ಸಿಸ್ಟರ್ ಕೂಡ ಅವರೇ. ಕಟ್ಟಲಾಗದ ಇಬ್ಬರ ಹೆಸರು ಮರುವಾರದ ಹಾಜರಾತಿ ಪುಸ್ತಕದಲ್ಲಿ ಇರಲಿಲ್ಲ.

ಸ್ವಾಮಿ, ನಾವು ಎಲ್ಲಿಗೂ ಹೋಗಲಿಲ್ಲ. ಬಂದವರು, ಹೋದವರು ಏಜೆನ್ಸಿಯವರು. ಇವರು ನಮಗೆ ಹುಡುಕಿಕೊಟ್ಟ ಕೆಲಸವಾದರೂ ಯಾವುದು?

ನಷ್ಟ ಆ ಒಂದು ತಿಂಗಳ ಸಂಬಳಕ್ಕೇ ನಿಲ್ಲುವುದಿಲ್ಲ. ಹೊಸ ನೇಮಕಾತಿ ಪತ್ರದ ದಿನಾಂಕದಿಂದ ನಮ್ಮ ಸೇವೆಯನ್ನು ಮೊದಲಿಂದ ಎಣಿಸುತ್ತಾರೆ. ಪಿಎಫ್ ಹಣವೇನೋ ಯುಎಎನ್ ನಂಬರಿನ ಜೊತೆ ಹೊಸ ಖಾತೆಗೆ ಬರುತ್ತದೆ. ಗ್ರಾಚ್ಯುಟಿ ಹಾಗಲ್ಲ, ಅದಕ್ಕೆ ಸಾಮಾನ್ಯವಾಗಿ 5 ವರ್ಷದ ನಿರಂತರ ಸೇವೆ ಬೇಕು. ಎರಡು ವರ್ಷಕ್ಕೊಮ್ಮೆ ಏಜೆನ್ಸಿ ಬದಲಾಗುವಲ್ಲಿ ಆ 5 ವರ್ಷ ತುಂಬುವುದು ಯಾವಾಗ?

ಇದರ ಬೇರು ಟೆಂಡರಿನಲ್ಲೇ ಇದೆ. ಸಂಬಳ, ಪಿಎಫ್, ಇಎಸ್‌ಐ ಮೊತ್ತ ಮೊದಲೇ ನಿಗದಿಯಾಗಿರುತ್ತದೆ. ಪೈಪೋಟಿ ಏಜೆನ್ಸಿಯ ಸೇವಾ ಶುಲ್ಕದ ಮೇಲೆ ಮಾತ್ರ. ಅದನ್ನು ಸೊನ್ನೆಯ ಹತ್ತಿರಕ್ಕೆ ಇಳಿಸಿದವರಿಗೆ ಟೆಂಡರ್ ಸಿಗುತ್ತದೆ. ನೂರಾರು ಜನರ ಲೆಕ್ಕಪತ್ರ ನೋಡುವ ಸಂಸ್ಥೆ ಅಷ್ಟರಲ್ಲೇ ಹೇಗೆ ನಡೆಯುತ್ತದೆ ಎಂದು ಟೆಂಡರ್ ತೆರೆಯುವ ಅಧಿಕಾರಿಗಳು ಕೇಳಬೇಕಿತ್ತು. ಅವರು ಕೇಳದೇ ಬಿಟ್ಟದ್ದರಿಂದ ಆ ಖರ್ಚು ನಮ್ಮ ಜೇಬಿನಿಂದ ಹೋಗುತ್ತಿದೆ.

ಇಂಥ ವಸೂಲಿಗೆ ಬೇರೆಡೆ ತಡೆಯಿದೆ. ಬ್ರಿಟನ್ನಿನಲ್ಲಿ ಕೆಲಸ ಕೊಡಿಸಿದ್ದಕ್ಕೆ ಕೆಲಸಗಾರರಿಂದ ಹಣ ಪಡೆಯುವುದನ್ನು 1973ರ ಒಂದು ಕಾಯ್ದೆಯೇ ಸಾಮಾನ್ಯವಾಗಿ ನಿಷೇಧಿಸಿದೆ. ಅಲ್ಲಿ ತಾತ್ಕಾಲಿಕ ನೌಕರನನ್ನು ಕಂಪನಿ ತಾನೇ ನೇಮಿಸಿಕೊಂಡರೆ ಏಜೆನ್ಸಿ ಶುಲ್ಕ ಕೇಳಬಹುದಾದದ್ದು ಆ ಕಂಪನಿಯನ್ನು. ಅದಕ್ಕೂ ಕಾನೂನಿನ ಮಿತಿಯಿದೆ. ನಮ್ಮ ದೇಶವೂ ಗಲ್ಫಿಗೆ ಹೋಗುವವರಿಂದ ನೋಂದಾಯಿತ ಏಜೆಂಟರು 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ಪಡೆಯಬಾರದು ಎಂದು ನಿಯಮ ಮಾಡಿದೆ. ಸಮುದ್ರ ದಾಟುವವರಿಗೆ ಇರುವ ಇಷ್ಟು ರಕ್ಷಣೆ ಅದೇ ವಾರ್ಡಿನಲ್ಲಿ ಉಳಿಯುವವರಿಗೆ ಇಲ್ಲ.

ಮಧ್ಯವರ್ತಿಗಳಿಲ್ಲದೆ ಪೌರಕಾರ್ಮಿಕರಿಗೆ ನೇರ ಪಾವತಿ ತಂದದ್ದು ಇದೇ ಕರ್ನಾಟಕ. ಬೀದರ್‌ನಲ್ಲಿ ಜಿಲ್ಲಾಡಳಿತದ ಉಸ್ತುವಾರಿಯ ಸಹಕಾರ ಸಂಘವೇ ಹೊರಗುತ್ತಿಗೆ ನೌಕರರನ್ನು ಒದಗಿಸುತ್ತಿದೆ. ಆ ಮಾದರಿಯನ್ನು ಬೇರೆ ಜಿಲ್ಲೆಗಳಿಗೂ ತರುವ ಮಾತು ತಮ್ಮ ಇಲಾಖೆಯಿಂದಲೇ ಬಂದಿದೆ. ದಯವಿಟ್ಟು ಅದನ್ನು ಬೇಗ ತನ್ನಿ. ಅಲ್ಲಿಯವರೆಗೆ ಪ್ರತಿ ಟೆಂಡರಿನಲ್ಲೂ ಒಂದು ಷರತ್ತು ಸೇರಲಿ: ಈಗಿರುವ ನೌಕರರನ್ನು ಹಿಂದಿನ ಸೇವೆಯ ಸಮೇತ ಮುಂದುವರಿಸಬೇಕು, ಅವರಿಂದ ಒಂದು ರೂಪಾಯಿ ಪಡೆದರೂ ಏಜೆನ್ಸಿಯ ಠೇವಣಿ ಮುಟ್ಟುಗೋಲಾಗಿ ಹಣ ಕಟ್ಟಿದವರಿಗೆ ವಾಪಸ್ಸಾಗಬೇಕು. ದೂರು ಕೊಟ್ಟವರ ಹೆಸರು ಏಜೆನ್ಸಿಗೆ ತಿಳಿಯಬಾರದು. ನಾನೂ ಅದೇ ಭಯದಿಂದ ಇಲ್ಲಿ ಹೆಸರು ಹಾಕುತ್ತಿಲ್ಲ.

ನಮ್ಮ ಆಸ್ಪತ್ರೆಯ ಈಗಿನ ಟೆಂಡರ್ ಮಾರ್ಚ್ ಕೊನೆಗೆ ಮುಗಿಯುತ್ತದೆ. 'ದುಡ್ಡು ಹೊಂದಿಸಿಕೊಳ್ಳಿ' ಎಂದು ಆಯಾಗಳಿಗೆ ಈಗಲೇ ಹೇಳಿಕಳಿಸಲಾಗಿದೆ. ಈ ಷರತ್ತಿನ ಆದೇಶ ಅಷ್ಟರೊಳಗೆ ಹೊರಡಬೇಕು.

ಇಂತಿ,
ಹೊರಗುತ್ತಿಗೆ ನೌಕರ